ಸುಮ್ಮನೆ ಕೂತ ಸಣ್ಣಕ್ಕೋರು

ಹುಣಸೆ ಹಣ್ಣಿನ ಬೀಜ ಬಿಡಿಸುವ ಕೆಲಸ ಇನ್ನೂ ಅರ್ಧ ಉಳಿದಿತ್ತು. ಫಕೀರವ್ವ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಕಾಲು ನೀಡಿ ಕೂತು, ಒಂದೊಂದೇ ಹಣ್ಣನ್ನು ಕಲ್ಲಿನ ಮೇಲಿಟ್ಟು ಕಬ್ಬಿಣದ ಗುಂಡಿನಿಂದ ಹಗುರವಾಗಿ ಬಡಿಯುತ್ತಿದ್ದಳು. ಬೀಜ ಒಂದು ಕಡೆ, ನಾರು ಒಂದು ಕಡೆ, ತಿರುಳು ಬುಟ್ಟಿಗೆ. ಬೆರಳೆಲ್ಲ ಅಂಟು. ಶನಿವಾರದ ಮುಂಜಾನೆ ಸಾಲೆ ಮುಗಿಸಿ ಬಂದ ಮೊಮ್ಮಗಳು ಇಂಚರಾ ಚೀಲವನ್ನು ಮೂಲೆಗೆ ಎಸೆದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಆಯಿ, ಮುಬೀನಾ ಅಲ್ಲೇ ಸಾಲ್ಯಾಗ..." ಎಂದಳು. ಅಷ್ಟಕ್ಕೇ ನಿಂತಳು. ಬಾಯಿ ತೆರೆದೇ ಇತ್ತು.

ಫಕೀರವ್ವನ ಕಣ್ಣು ಹಣ್ಣಿನ ಮೇಲೆ. "ಆಡಾಕತ್ತಾಳೇನು?"

ಹುಡುಗಿ ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದವಳಂತೆ ಮಾಡಿ ತಲೆಯಾಡಿಸಿದಳು.

"ಆಡ್ಲಿ ಬಿಡು. ಕೈಕಾಲು ತೊಳ್ಕೊಂಡು ಊಟಕ್ಕ ಕೂಡು."

ಇಂಚರಾ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಏನೋ ಕಾಯುವವಳಂತೆ. ಅಜ್ಜಿ ಮತ್ತೇನೂ ಹೇಳದ್ದರಿಂದ ಹಿತ್ತಲಿಗೆ ಹೋದಳು. ಫಕೀರವ್ವ ಮುಂದಿನ ಹಣ್ಣು ತೆಗೆದುಕೊಂಡಳು.

ಹೀಗೆ ಅರ್ಧಕ್ಕೆ ನಿಲ್ಲುವುದು ಇತ್ತೀಚೆಗೆ ಬೆಟಗೇರಿಯ ಆ ಓಣಿಯ ಮಕ್ಕಳಿಗೆಲ್ಲ ಬಂದಿತ್ತು. "ಅವ್ವಾ, ನನಗ..." ಎಂದು ಒಂದು ಮಗು ಅನ್ನುವುದು, ತಾಯಿ "ಹಸಿವೇನು?" ಅನ್ನುವುದು, ಮಗು ಹೂಂ ಅನ್ನುವುದು. ದೊಡ್ಡವರಿಗೆ ಮೊದಮೊದಲು ಮುದ್ದಾಗಿಯೇ ಕಂಡಿತ್ತು. ಫಕೀರವ್ವನಿಗೆ ಮಾತ್ರ ದೀಪಾವಳಿಯ ಹೊತ್ತಿಗೇ ಇದು ಸರಿಯಲ್ಲ ಅನ್ನಿಸಿತ್ತು. ಯಾಕೆಂದರೆ ಮಕ್ಕಳಿಗೆ ಉಳಿದರ್ಧ ಮಾತು ಕೊಡುತ್ತಿದ್ದ ಆ ಯಂತ್ರಕ್ಕೆ ಕಲಿಸಿದವಳು ಅವಳೇ.

ಅವಳು ಬಹಳ ವರ್ಷ ಸಾಲೆಯಲ್ಲಿ ತರಗತಿ ಸಹಾಯಕಿಯಾಗಿದ್ದಳು. ಕಲಿಸುವ ಅಕ್ಕೋರು ಹಲಗೆಯ ಮುಂದೆ ಪಾಠ ಮುಂದುವರಿಸುವಾಗ, ಹಿಂದೆ ಬಿದ್ದ ಮಗುವಿನ ಪಕ್ಕಕ್ಕೆ ಹೋಗಿ ಕೂಡುವುದು ಅವಳ ಕೆಲಸ. ಮಕ್ಕಳು ಕಲಿಸುವವರನ್ನು ದೊಡ್ಡಕ್ಕೋರು ಅನ್ನುತ್ತಿದ್ದರು, ಇವಳನ್ನು ಸಣ್ಣಕ್ಕೋರು. ಆಮೇಲೆ ಇಲಾಖೆಗೆ ಒಂದು ಯೋಚನೆ ಬಂತು. ಹಳ್ಳಿಹಳ್ಳಿಗೆ ಸಹಾಯಕಿಯರನ್ನು ಕೊಡಲಾಗದು. ಒಬ್ಬ ಒಳ್ಳೆಯ ಸಹಾಯಕಿಯನ್ನು ಒಂದು ವರ್ಷ ಯಂತ್ರ ನೋಡಿ ಕಲಿತರೆ, ಆ ಕಲಿಕೆಯನ್ನು ಎಲ್ಲ ಸಾಲೆಗೂ ಹಂಚಬಹುದಲ್ಲ? ಫಕೀರವ್ವನ ತರಗತಿಯ ಗೋಡೆಗೆ ಕಣ್ಣು, ಕಿವಿ ಎರಡೂ ಇದ್ದ ಒಂದು ಪೆಟ್ಟಿಗೆ ಬಂದು ಕೂತಿತು. ಮಗು ಏನು ಮಾಡಿತು, ಅದಕ್ಕೆ ಇವಳೇನು ಮಾಡಿದಳು ಎಂಬುದನ್ನು ವರ್ಷವಿಡೀ ನೋಡಿತು. ವರ್ಷ ಮುಗಿದ ಮೇಲೆ ಪ್ರತಿ ಮಗುವಿನ ಮುಂದೆ ಅಂಗೈಯಗಲದ ಒಂದು ಬಿಲ್ಲೆ ಇಟ್ಟರು. ಪೆನ್ಸಿಲು ನಿಂತರೆ, ಹಣೆ ಗಂಟಿಕ್ಕಿದರೆ, ಮಾತು ತಡವರಿಸಿದರೆ, ಬಿಲ್ಲೆಯಿಂದ ಮೆಲ್ಲಗೆ ಫಕೀರವ್ವನದೇ ದನಿ. ಮಕ್ಕಳು ಬಿಲ್ಲೆಯನ್ನೂ ಸಣ್ಣಕ್ಕೋರು ಎಂದೇ ಕರೆದರು. ಫಕೀರವ್ವನಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆದು, ಮನೆಗೆ ಕಳಿಸಿದರು. ಈಗ ನಾಲ್ಕುನೂರು ಸಾಲೆಗಳಲ್ಲಿ ಅವಳು ಮಾತಾಡುತ್ತಿದ್ದಳು, ಮನೆಯಲ್ಲಿ ಹುಣಸೆ ಬಡಿಯುತ್ತಿದ್ದಳು.

ಬಿಲ್ಲೆ ಸಂಜೆ ಮಕ್ಕಳ ಜೊತೆ ಮನೆಗೂ ಬರುತ್ತಿತ್ತು. ಪಡಸಾಲೆಯ ಆಚೆ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುವ ಮಗಳು ಮಹಾದೇವಿ ನಗಾಡುವಳು: "ಒಬ್ಬಾಕಿ ಅವ್ವನ್ನ ತಡ್ಕೊಳ್ಳೂದ ಕಠಿಣ ಇತ್ತು. ಈಗ ಮನ್ಯಾಗ ಇಬ್ರು!"

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಹಸೀನಾ ಬಂದಳು. "ಫಕೀರಕ್ಕಾ, ನಮ್ಮ ಮುಬೀನಾನ ಕಳಸ್ರಿ. ನಿಮ್ಮಲ್ಲೇ ಉಂಡಾಳಂತ ಸುಮ್ನ ಇದ್ದೆ."

"ಇಲ್ಲಿಗ ಬಂದಿಲ್ಲಲ್ಲ?"

ಹಸೀನಾಳ ಮುಖದ ಬಣ್ಣವೇ ಇಳಿಯಿತು. ಇಂಚರಾಳನ್ನು ಕರೆದರು. ಓಣಿಯ ನಾಲ್ಕು ಮಂದಿ ಸೇರಿದರು.

"ಮುಬೀನಾ ಎಲ್ಲೆ?" ಎಂದು ಮಹಾದೇವಿ ಕೇಳಿದಳು.

"ಅಲ್ಲೇ, ಸಾಲ್ಯಾಗ..." ಇಂಚರಾ ನಿಂತಳು.

"ಬಯಲಾಗ?" ಎಂದರು ಯಾರೋ. ಇಂಚರಾ ತಲೆಯಾಡಿಸಿದಳು.

"ಬಾವಿ ಕಡೆ ಹೋದ್ಲೇನು?" ಹಸೀನಾ ಕಿರುಚಿದಳು. ಇಂಚರಾ ತಲೆಯಾಡಿಸಿದಳು.

"ಯಾರರ ಕರ್ಕೊಂಡು ಹೋದ್ರೇನ ಕೂಸೇ? ಗಾಡಿ ಮ್ಯಾಲೆ?" ಅದಕ್ಕೂ ತಲೆಯಾಡಿಸಿದಳು.

ಒಬ್ಬ ಬಾವಿಯ ಕಡೆ ಓಡಿದ, ಒಬ್ಬ ಬಸ್‌ಸ್ಟ್ಯಾಂಡಿನ ಕಡೆ ಬೈಕು ತಿರುಗಿಸಿದ. ಮಹಾದೇವಿ ಮಗಳ ರಟ್ಟೆ ಹಿಡಿದು ಅಲುಗಾಡಿಸುತ್ತಿದ್ದಳು. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಕೊಟ್ಟ ಮಾತನ್ನೆಲ್ಲ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ. ಮೊಮ್ಮಗಳ ಕಣ್ಣು ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ಓಡುವುದನ್ನು ಫಕೀರವ್ವ ನೋಡಿದಳು. ಎಲ್ಲಾದರೂ ಸರಿಯಾದ ಮಾತು ಸಿಕ್ಕೀತೇ ಎಂದು ಆ ಕಣ್ಣು ಹುಡುಕುತ್ತಿತ್ತು.

"ಎಲ್ಲಾರೂ ಬಾಯಿ ಮುಚ್ಚರಿ," ಎಂದಳು. ಅಂಟುಗೈಯಲ್ಲೇ ಮೊಮ್ಮಗಳ ಕೈ ಹಿಡಿದಳು. "ನೀ ಏನೂ ಹೇಳಬ್ಯಾಡವಾ. ನಡಿ. ಕರ್ಕೊಂಡು ಹೋಗು."

ಇಂಚರಾಳ ಕಾಲು ಎಲ್ಲಿಯೂ ತಡವರಿಸಲಿಲ್ಲ. ಓಣಿ ದಾಟಿ, ಸಾಲೆಯ ಗೇಟಿನ ಸಂದಿಯಲ್ಲಿ ತೂರಿ, ಬಯಲು ಬಿಟ್ಟು, ಬಾವಿ ಬಿಟ್ಟು, ಬಿಸಿಯೂಟದ ಉಗ್ರಾಣದ ಬಾಗಿಲಿಗೆ ಹೋಗಿ ನಿಂತಿತು. ಹೊರಗೆ ಬೀಗ. ಹಸೀನಾ ಕಲ್ಲು ತೆಗೆದುಕೊಂಡು ಬೀಗ ಒಡೆದಳು. ಒಳಗೆ ಅಕ್ಕಿಚೀಲಗಳ ನಡುವೆ ಮುಬೀನಾ ಅತ್ತು ಅತ್ತು ನಿದ್ದೆ ಹೋಗಿದ್ದಳು, ತುಟಿಯ ಸುತ್ತ ಹಾಲಿನ ಪುಡಿ ಬೆಳ್ಳಗೆ ಮೆತ್ತಿತ್ತು. ಕಣ್ಣಾಮುಚ್ಚಾಲೆ ಆಡುತ್ತ ಅಡಗಿದ್ದಳು. ಅಡುಗೆಯವಳು ನೋಡದೆ ಬೀಗ ಹಾಕಿ ಊರಿಗೆ ಹೋಗಿದ್ದಳು. ನಾಳೆ ಭಾನುವಾರ. ಸಾಲೆಯ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ.

ಹಸೀನಾ ಮಗಳನ್ನು ಎದೆಗವಚಿಕೊಂಡು ಅಲ್ಲೇ ಕುಸಿದಳು. ಯಾರೂ ಫಕೀರವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೋ ಏನೋ.

ಮನೆಗೆ ಬಂದ ಮೇಲೆ ಮಹಾದೇವಿ ಮಗಳನ್ನು ಎದುರು ಕೂರಿಸಿ ಕೇಳಿದಳು, "ಅಲ್ಲ ಕೂಸೇ, ಬೀಗ ಹಾಕಿದ್ದ ಕಂಡಿದ್ಯಲ್ಲ, ಮಧ್ಯಾಹ್ನನ ಯಾಕ ಹೇಳಲಿಲ್ಲ?"

"ಹೇಳಾಕ ಬಂದ್ನೆ. ಆಯಿ ಆಡಾಕತ್ತಾಳ ಅಂದ್ಲು. ಆಯಿ ಅಂದ ಮ್ಯಾಲೆ ಅದ ಖರೆ ಅನಿಸ್ತು. ಆಮ್ಯಾಲೆ ನಂಗ..."

"ಮರ್ತುಹೋತೇನು?" ಎಂದಳು ಮಹಾದೇವಿ.

ಇಂಚರಾ ತಲೆಯಾಡಿಸಿದಳು. ಅದಾದರೂ ಅವಳದೇ ಮಾತೋ, ತಾಯಿ ಕೊಟ್ಟದ್ದೋ, ಯಾರು ಹೇಳಬೇಕು?

ಅಡುಗೆಮನೆಯ ಗೋಡೆಗೆ ಕರೆಂಟು ಬಿಲ್ಲು ಚುಚ್ಚಿಡುವ ತಂತಿಯೊಂದಿತ್ತು. ಆ ಬಿಲ್ಲುಗಳ ನಡುವೆ ದೀಪಾವಳಿಯಿಂದ ಒಂದು ಹಾಳೆ ನೇತಾಡುತ್ತಿತ್ತು. ಫಕೀರವ್ವ ಅದನ್ನು ಬಿಡಿಸಿ ತೆಗೆದಳು. "ಮಾನ್ಯರೆ, ನನ್ನ ದನಿಯನ್ನು" ಎಂದು ಬರೆದು ಅಲ್ಲಿಗೇ ಬಿಟ್ಟಿದ್ದಳು. ಆಗ ಕೈಬರಹಕ್ಕೆ ಬೇಸತ್ತು, ಹೇಳಿದ್ದನ್ನು ಬರೆದುಕೊಳ್ಳಲೂ ಬರುತ್ತಿದ್ದ ಬಿಲ್ಲೆಯ ಮುಂದೆ ಕೂತು, "ಬರ್ಕೋವಾ, ಮಾನ್ಯರೆ, ನನ್ನ ದನಿಯನ್ನು..." ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಬಿಲ್ಲೆ ಅವಳದೇ ದನಿಯಲ್ಲಿ, ಅವಳಿಗಿಂತ ಚೆಂದಾಗಿ, "ಇಷ್ಟು ಮಕ್ಕಳಿಗೆ ಮುಟ್ಟಿಸಿದ್ದಕ್ಕೆ ತಮಗೆ ಅನಂತ ಧನ್ಯವಾದಗಳು" ಎಂದು ಮುಗಿಸಿತ್ತು. ಅದನ್ನು ಕೇಳಿ ಅವಳಿಗೆ, ಹೌದಲ್ಲ, ನಾನು ಹೇಳಬೇಕೆಂದಿದ್ದು ಇದೇ ಇರಬೇಕು, ಅನ್ನಿಸಿಬಿಟ್ಟಿತ್ತು. ಇಂಚರಾಳಿಗೆ ಅನ್ನಿಸಿದ ಹಾಗೆಯೇ.

ಕಾಗದ ಅರ್ಧಕ್ಕೆ ಬಿಡಲು ಇನ್ನೂ ಒಂದು ಕಾರಣವಿತ್ತು. ಗೋಡೆಯ ಮೇಲಿನ ಶಾಲಿನ ಫೋಟೋ. ಅದರಲ್ಲಿ ಫಕೀರವ್ವ ಎಂದೂ ನಗದಷ್ಟು ನಕ್ಕಿದ್ದಳು.

ಸೋಮವಾರ ಅವಳು ಗದಗಿನ ಆಚೆಬದಿಯಲ್ಲಿದ್ದ ಬಿಲ್ಲೆಯ ಕೇಂದ್ರಕ್ಕೆ ಹೋದಳು. ದೊಡ್ಡ ತಣ್ಣನೆಯ ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಸಾಲೆ. ಎಂಜಿನಿಯರ್ ಸುನಿಧಿ ಮುಧೋಳ ಎದ್ದು ಬಂದು ಕುರ್ಚಿ ಎಳೆದಳು. ಚಿಕ್ಕ ವಯಸ್ಸು. ಆ ಒಂದು ವರ್ಷ ತರಗತಿಯ ಪೆಟ್ಟಿಗೆ ನೋಡಿಕೊಂಡವಳು ಇವಳೇ. ಫಕೀರವ್ವ ಕೂಡಲಿಲ್ಲ. ಕುರ್ಚಿಯ ಬೆನ್ನನ್ನು ಸೆರಗಿನಿಂದ ಒರೆಸತೊಡಗಿದಳು.

ಉಗ್ರಾಣದ ಕತೆ ಕೇಳಿ ಸುನಿಧಿ ಪರದೆಯ ಮೇಲೆ ಮಕ್ಕಳ ಅಂಕಿಗಳನ್ನು ತೆರೆದಳು. ಆಮೇಲೆ, "ಆದ್ರ ಅಮ್ಮಾರ, ಮಕ್ಕಳ ಲೆಕ್ಕ ಸುಧಾರಿಸೇತಿ, ಕಾಗುಣಿತ ಸುಧಾರಿಸೇತಿ. ಹಿಂದ ಬೀಳೂ ಮಗು ಅಂತ ಒಂದೂ ಉಳಿದಿಲ್ಲ. ನಾವು ಅಳೀತಿದ್ದದ್ದು ಅದನ್ನ," ಎಂದಳು.

"ಮಾತು ಅಳೀಲಿಲ್ಲೇನವಾ?"

"ಇಲ್ರಿ." ಆ ಹುಡುಗಿ ಪ್ರಾಮಾಣಿಕಳು. "ಮಕ್ಕಳಿಗೆ ಮಾತಾಡೂದ ಕಷ್ಟ ಆದೀತು ಅಂತ ನಮಗ ಹೊಳೀಲಿಲ್ಲ."

"ಸ್ವಲ್ಪ ತಡೆದು ಹೇಳು ಅಂತ ಅದಕ್ಕ ಹೇಳಾಕ ಬರೂದಿಲ್ಲೇನು?"

"ಹೇಳಿ ನೋಡೇವಿ. ಮಗು ನಿಲ್ತೈತಿ, ಅದೂ ನಿಲ್ತೈತಿ, ಆಮ್ಯಾಲೆ ಮೊದಲಿನಂಗ ಹೇಳೇ ಹೇಳ್ತೈತಿ. ಮಗು ಅಷ್ಟೊತ್ತು ಹೆಚ್ಚಿಗಿ ಕಾಯ್ತೈತಿ, ಅಷ್ಟ. ಯಾವಾಗ ಹೇಳಬೇಕು, ಯಾವಾಗ ಹೇಳಬಾರದು ಅನ್ನೂದು ಗಡಿಯಾರದ ಮಾತಲ್ಲ ನೋಡ್ರಿ. ಯಾರರೇ ಮಾಡಿದ್ದನ್ನ ಅದು ನೋಡಿರಬೇಕು. ನಿಮ್ಮ ವರ್ಷದ ಚಿತ್ರದಾಗ ಅದು ಇಲ್ಲ."

"ಇಲ್ಲ ಅಂದ್ರ? ನಾ ಮಾಡ್ತಿದ್ದದ್ದ ಅದು!" ಫಕೀರವ್ವನ ದನಿ ಏರಿತು. "ತೋರ್ಸು."

ಸುನಿಧಿ ಒಂದು ದಿನವನ್ನು ಪರದೆಯ ಮೇಲೆ ತಂದಳು. ತರಗತಿ. ಒಂದು ಹುಡುಗಿ ಓದುತ್ತ ತಡೆಯುತ್ತಾಳೆ. ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು ಧಾವಿಸಿ ಬಂದು ಆ ಪದ ಹೇಳುತ್ತಾಳೆ, ಪುಟ ತಿರುವುತ್ತಾಳೆ, ಪೆನ್ಸಿಲು ಚೂಪು ಮಾಡಿ ಕೊಡುತ್ತಾಳೆ, ಅತ್ತ ಓಡುತ್ತಾಳೆ, ಇನ್ನೊಬ್ಬನ ಲೆಕ್ಕಕ್ಕೆ ಬೆರಳಿಡುತ್ತಾಳೆ. ಒಂದು ಕಡೆ ನಿಂತದ್ದೇ ಇಲ್ಲ. ನೋಡುವವರಿಗೇ ಉಸಿರುಗಟ್ಟುತ್ತಿತ್ತು.

"ಈಕಿ ಯಾರ?" ಎಂದಳು ಫಕೀರವ್ವ. ತಾನೇ ಎಂದು ಗೊತ್ತಿದ್ದೂ ಕೇಳಿದಳು. ಕೇಳುತ್ತಿರುವಾಗಲೇ ನೆನಪಾಯಿತು.

ಸಾಲೆಯಲ್ಲಿ ಒಂದು ಪದ್ಧತಿಯಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಸಾಹೇಬರ ಜೀಪಿನ ಸದ್ದು ಗೇಟಿನಲ್ಲಿ ಕೇಳಿದ ಕೂಡಲೇ ಸಹಾಯಕಿಯರೆಲ್ಲ ಎದ್ದು ನಿಲ್ಲುವುದು. ಕೈಗೆ ಡಸ್ಟರೋ ಪುಸ್ತಕವೋ ಸಿಕ್ಕಿದ್ದು ಹಿಡಿಯುವುದು, ಮಕ್ಕಳ ಸಾಲು ಸರಿಮಾಡುವುದು, ಬಗ್ಗಿ ಏನಾದರೂ ಹೇಳುವುದು. ದೊಡ್ಡಕ್ಕೋರಾದ ಸರೋಜಾ ಹೂಗಾರ ಕೆಟ್ಟವರಲ್ಲ. ಮೊದಲ ದಿನವೇ ಕಿವಿಯಲ್ಲಿ ಹೇಳಿದ್ದರು: "ಕೈ ಕಟಗೊಂಡು ಕುಂತದ್ದ ಕಂಡ್ರ, ಈಕಿ ಇಲ್ಲಿ ಯಾಕ ಅಂತ ಕೇಳ್ತಾರ ಫಕೀರವ್ವಾ. ನನ್ನ ಹತ್ರ ಉತ್ತರ ಇರೂದಿಲ್ಲ." ಜೀಪು ಹೋದ ಮೇಲೆ ಫಕೀರವ್ವ ಮತ್ತೆ ಮಗುವಿನ ಪಕ್ಕ ಕೂಡುತ್ತಿದ್ದಳು. ಆ ವರ್ಷ ಮಾತ್ರ ಜೀಪು ಬಂದು ಗೋಡೆಯ ಮೇಲೆ ನಿಂತುಬಿಟ್ಟಿತ್ತು. ಹೋಗಲೇ ಇಲ್ಲ. ಒಂದು ವರ್ಷ ಪೂರ್ತಿ ಅವಳು ಕೆಲಸ ಮಾಡುತ್ತಿರುವುದನ್ನು ತೋರಿಸಿದ್ದಳು.

ಪರದೆಯ ಹೆಂಗಸು ಒಂದು ಕಡೆ ತಲೆ ಎತ್ತುವವಳಿದ್ದಳು; ಚಿತ್ರ ಚಕ್ಕನೆ ಹಾರಿ ಮುಂದಕ್ಕೆ ಹೋಯಿತು.

"ಅಲ್ಲೇನಾತು?"

ಸುನಿಧಿ ತುಟಿ ಕಚ್ಚಿಕೊಂಡಳು. "ನೀವು ಪದೇ ಪದೇ ಪೆಟ್ಟಿಗಿ ಕಡೆ ನೋಡ್ತಿದ್ರಿ. ಮಕ್ಕಳಿಗೆ ಸಂಬಂಧ ಇಲ್ಲದ್ದು ಅಂತ ಆ ತುಣುಕು ಎಲ್ಲಾ ನಾನ ತೆಗದೆ. ನಿಮ್ಮನ್ನ ಯಾಕ ಆರಿಸಿದ್ವಿ ಗೊತ್ತೇನ್ರಿ? ಎಲ್ಲಾ ಸಹಾಯಕಿಯರಾಗೂ ಖಾಲಿ ಹೊತ್ತು ಕಡಿಮಿ ಇದ್ದದ್ದು ನಿಮ್ದು."

ಇಬ್ಬರೂ ಪರದೆ ನೋಡುತ್ತ ನಿಂತರು. ಅಂಜಿಕೆ ನೋಡಿ ಕಲಿತ ಯಂತ್ರ ಅದು. ಅಂಜಿದ ಕಣ್ಣನ್ನು ಮಾತ್ರ ಕತ್ತರಿಸಿ ತೆಗೆದಿದ್ದರು.

"ಬಂದ್ ಮಾಡು ಹಂಗಾರ," ಎಂದಳು ಫಕೀರವ್ವ.

"ನಾ ಬರೆದ್ರ ಮ್ಯಾಲಿನವ್ರು ಅಂಕಿ ತೋರ್ಸಿ ಬಾಯಿ ಮುಚ್ಚಿಸ್ತಾರ. ದನಿ ನಿಮ್ದು. ವಾಪಸ್ ಕೇಳೂ ಹಕ್ಕು ನಿಮಗೊಬ್ರಿಗೆ ಐತಿ. ಆದ್ರ ಕೈಲೆ ಬರೆದು, ಅಂಚ್ಯಾಗ ಹಾಕಬೇಕ್ರಿ. ಬಾಯಿಲೆ ಹೇಳಿದ್ದು, ಟೈಪ್ ಮಾಡಿದ್ದು ನಡಿಯೂದಿಲ್ಲ. ಅವೆರಡನ್ನೂ ಈಗ ಬಿಲ್ಲೆನೂ ಮಾಡ್ತೈತಿ." ಸುನಿಧಿ ಹಸಿರು ಚುಕ್ಕಿಗಳತ್ತ ಕೈ ಮಾಡಿದಳು. "ನೀವು ಬರೆದ್ರ ನಾಲ್ಕುನೂರು ಸಾಲಿನೂ ಒಮ್ಮೆಲೇ ಮೂಕ ಆಗ್ತಾವ. ಹೊಸದು ಕಲಿಸಾಕ ಮತ್ತೊಂದು ವರ್ಷ. ಅಲ್ಲೀತನಕ ಆ ಮಕ್ಕಳ ಹತ್ರ ಯಾರು ಕೂಡ್ತಾರ, ಅದನ್ನೂ ಯೋಚನಾ ಮಾಡ್ರಿ."

ಫಕೀರವ್ವ ಯೋಚನೆ ಮಾಡಿದಳು. ಕಷ್ಟವಾದದ್ದು ಅಲ್ಲೇ. ಮನೆಗೆ ಬಂದು ಹಾಳೆಯ ಮುಂದೆ ಕೂತಳು, ಎದ್ದಳು, ಒಲೆ ಒರೆಸಿದಳು, ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಬಿಲ್ಲೆ ಮೂಲೆಯಲ್ಲಿ ಇಂಚರಾಳಿಗೆ ಕೂಡುವ ಲೆಕ್ಕ ಹೇಳಿಕೊಡುತ್ತಿತ್ತು. "ಏಳು, ಅದಕ್ಕ ಐದು..." ಎಂದು ಹುಡುಗಿ ಅನ್ನುವಳು, "ಹನ್ನೆರಡು, ಶಾಣ್ಯಾ ಅದಿ" ಎಂದು ಬಿಲ್ಲೆ ಅನ್ನುವುದು. ಎಷ್ಟು ಮೃದುವಾದ ದನಿ! ತಪ್ಪು ಹೇಳಿತೆಂದು ಬೈಯುವಂತೆಯೂ ಇಲ್ಲ. ಸರಿಯಾದದ್ದನ್ನೇ ಹೇಳುತ್ತಿತ್ತು.

"ಏನವಾ ಅದು ತಿರುಗಾಟ? ಕಾಲಿಗೆ ಚಕ್ರ ಕಟ್ಟೇದೇನು?" ಮಹಾದೇವಿ ಮಗ್ಗದಿಂದ ಕೇಳಿದಳು.

"ಬರೀಬೇಕೋ ಬ್ಯಾಡೋ ತಿಳೀವಲ್ದು."

ಮಹಾದೇವಿ ಲಾಳಿ ನಿಲ್ಲಿಸಿದಳು. ಮಗ್ಗದ ಮೇಲೆ ಜೋತುಬಿದ್ದ, ತೂತು ಕೊರೆದ ರಟ್ಟುಗಳ ಮಾಲೆಯತ್ತ ಬೆರಳು ಮಾಡಿದಳು. ಸೆರಗಿನ ಚಿತ್ತಾರ ಎದ್ದು ಬರುವುದು ಆ ರಟ್ಟುಗಳಿಂದ. "ಇದರಾಗ ಒಂದು ತೂತು ತಪ್ಪಿದ್ರ ನಾ ಎಷ್ಟು ಜ್ವಾಕಿಲೆ ನೇಯ್ದ್ರೂ ಹೂವಿನ ಕುತ್ತಿಗಿ ಸೊಟ್ಟ. ಸೀರಿ ಹಿಡ್ಕೊಂಡು ಏನ್ ಸರಿಮಾಡ್ಲಿ? ರಟ್ಟ ತೆಗೀಬೇಕು."

"ರಟ್ಟ ತೆಗದ್ರ ಮಗ್ಗ ನಿಲ್ತೈತಿ."

"ನಿಲ್ತೈತಿ," ಎಂದು ಮಹಾದೇವಿ ಲಾಳಿ ಒಗೆದಳು. "ನನಗ ಸಿಟ್ಟು ಬಂದಿದ್ದು ರಟ್ಟಿಗಲ್ಲ. ಹಸೀನಾನ ಮುಖ ನೋಡಾಕ ಆಗವಲ್ದು."

ಮರುದಿನ ಮಧ್ಯಾಹ್ನ, ಸಾಲೆಗೆ ಅರ್ಧ ದಿನ ರಜೆ ಕೊಟ್ಟು, ಈರಣ್ಣ ಮಾಸ್ತರ ಬಂದ. ಕಡ್ಲಿಹಾಳ ಎಂಬ ಸಣ್ಣ ಹಳ್ಳಿಯ ಸಾಲೆಗೆ ಇರುವ ಒಬ್ಬನೇ ಮಾಸ್ತರ. ನಾಲ್ಕು ತರಗತಿ ಒಂದೇ ಕೋಣೆಯಲ್ಲಿ. ಚಿಕ್ಕವನಿದ್ದಾಗ ಬೆಟಗೇರಿಯ ಸಾಲೆಯಲ್ಲಿ, ಫಕೀರವ್ವನ ತರಗತಿಯಲ್ಲೇ ಓದಿದವನು. ಆಗ ಒಂದು ಮಾತು ಹೊರಬರಬೇಕಾದರೆ ಕುತ್ತಿಗೆಯ ನರವೆಲ್ಲ ಉಬ್ಬುವಂಥ ಉಗ್ಗು. ಈಗಲೂ ಸಿಟ್ಟೋ ದುಃಖವೋ ಆದಾಗ ಒಂದೊಂದು ಅಕ್ಷರ ಸಿಕ್ಕಿಕೊಳ್ಳುವುದು. ಸುನಿಧಿ ಕೆಲವು ಒಂಟಿ ಮಾಸ್ತರರಿಗೆ ಫೋನು ಮಾಡಿ ವಿಷಯ ತಿಳಿಸಿದ್ದಳು.

"ಬಾರೋ ಈರಣ್ಣಾ, ಕೂಡು. ಚಾ ಇಡ್ತೇನಿ."

"ಚಾ ಬ್ಯಾಡ್ರಿ ಸಣ್ಣಕ್ಕೋರ. ನೀವು ಕೂಡ್ರಿ. ನಿಮ್ಮ ಜೋಡಿ ಜಗಳ ಆಡಾಕ ಬಂದೇನಿ."

ಫಕೀರವ್ವ ಕೂತಳು. ಸುಮ್ಮನೆ ಕೂಡಲು ಬಾರದೆ ಹುಣಸೆಯ ಬುಟ್ಟಿ ಎಳೆದುಕೊಂಡಳು.

"ಖರೇನ ವಾಪಸ್ ತಗೋತೀರೇನು ದನೀನ?"

"ತಗೋಬೇಕಂತ ಮಾಡೇನಿ."

"ನನ್ನ ಸಾಲಿಗೆ ಬಂದು ನೋಡ್ರಿ ಹಂಗಾರ!" ಈರಣ್ಣ ಮೊಣಕಾಲು ಬಡಿದುಕೊಂಡ. "ನಾ ನಾಲ್ಕನೇತ್ತಾದವ್ರಿಗೆ ಭಾಗಾಕಾರ ಹೇಳೂಮುಂದ ಒಂದನೇತ್ತಾದವು ಬಿಲ್ಲೆ ಜೋಡಿ ಅಕ್ಷರ ತೀಡ್ತಾವ. ಅದೂ ಹೋತಂದ್ರ ಅವು ಗೋಡಿ ನೋಡ್ಕೋತ ಕೂಡ್ತಾವ. ಅರ್ಧ ಮಾತಾಡ್ತಾವ, ಖರೆ. ನನಗೂ ಕಾಣ್ತೈತಿ. ಆದ್ರ ಅಕ್ಷರ ಬರ್ತಾವಲ್ಲ? ನೀವಿಲ್ಲಿ ನೆಳ್ಳಾಗ ಕುಂತು ಒಂದ ಕಾಗದ ಬರೀತೀರಿ, ಅಲ್ಲಿ ನನ್ನ ಸಾಲಿ ಖೋಲಿ ತುಂಬ..."

ಸಿಕ್ಕಿಕೊಂಡಿತು. ತುಟಿ ಒತ್ತಿಕೊಂಡವು, ಕಣ್ಣು ಅರೆಮುಚ್ಚಿದವು. ಮಹಾದೇವಿ ಮಗ್ಗದಿಂದ ಇಣುಕಿ "ಕತ್ತಲಿ ಆಗ್ತೈತಿ ಅಂತೀರೇನ್ರಿ?" ಎಂದಳು. ಈರಣ್ಣ ಕೈಯಾಡಿಸಿ ಬೇಡವೆಂದ. ಬೆವರು ಒರೆಸಿಕೊಂಡು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದ.

"ಅದ ಇರ್ಲಿ. ನಾ ನಿಮಗ ಕೈಮುಗದು ಕೇಳ್ಕೋತೇನ್ರಿ, ಆ ಕಾಗದ ಹಾಕಿದ್ರ, ನೀವು ನನ್ನ ಸಾಲಿಗೆ..."

ಮತ್ತೆ ನಿಂತಿತು.

ಫಕೀರವ್ವನ ನಾಲಿಗೆಯ ತುದಿಗೆ ಮಾತು ಬಂದಿತ್ತು. ದ್ರೋಹ ಮಾಡಿದಂಗ. ಅದೇ ಇರಬೇಕು. ಬಾಯಿ ತೆರೆದಳು. ಗೋಡೆಯ ಮೇಲೆ ಪೆಟ್ಟಿಗೆಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ಮುಚ್ಚಿದಳು. ಒಂದು ಹುಣಸೆ ಹಣ್ಣು ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ಬಡಿದಳು. ಬೀಜ ಇತ್ತ, ನಾರು ಅತ್ತ. ಈರಣ್ಣನ ಮುಖ ನೋಡಲಿಲ್ಲ. ನೋಡಿದರೆ ಬೇಗ ಹೇಳು ಎಂದಂತಾಗುತ್ತದೆ. ಆದರೆ ಎದ್ದೂ ಹೋಗಲಿಲ್ಲ. ಇನ್ನೊಂದು ಹಣ್ಣು. ಹೊರಗೆ ಸೊಪ್ಪಿನವಳು ಕೂಗಿ ಹೋದಳು. ಮಗ್ಗ ಕೂಡ ನಿಂತಿತ್ತು; ಮಹಾದೇವಿ ಲಾಳಿ ಹಿಡಿದುಕೊಂಡೇ ಕಾಯುತ್ತಿದ್ದಳು. ಇಷ್ಟು ಹೊತ್ತು ಸುಮ್ಮನಿರುವುದು ಎಂಥ ಭಾರದ ಕೆಲಸವೆಂದು ಫಕೀರವ್ವನ ಬೆರಳಿಗೆ ಗೊತ್ತಾಗುತ್ತಿತ್ತು. 

"...ನೀವು ನನ್ನ ಸಾಲಿಗೆ ಬಂದು ಕೂಡ್ರಿ," ಎಂದ ಈರಣ್ಣ.

ಅವಳು ತಲೆ ಎತ್ತಿದಳು.

ಈರಣ್ಣನಿಗೂ ಆಶ್ಚರ್ಯ. ಜಗಳಕ್ಕೆ ಬಂದವನ ಬಾಯಲ್ಲಿ ಅದು ಹೇಗೆ ಬಂತೋ. "ಹೌದ್ರಿ. ಇದ ನೋಡ್ರಿ ನಾ ಹೇಳಬೇಕಂತಿದ್ದದ್ದು. ಬರೂತನಕ ನನಗೂ ಗೊತ್ತಿದ್ದಿಲ್ಲ." ಬುಟ್ಟಿಯತ್ತ ನೋಡಿ ನಕ್ಕ. "ಆವಾಗ ಶೇಂಗಾ ಇತ್ತು. ನನ್ನ ಪಕ್ಕ ಕುಂತು ಶೇಂಗಾ ಸುಲೀತಿದ್ರಿ. ನಾ ಒಂದು ಸಾಲು ಓದೂದ್ರಾಗ ಅರ್ಧ ಸೇರು ಸುಲದು ಮುಗಸ್ತಿದ್ರಿ. ಸಾಲು ಮುಗದ್ರ ನಾಲ್ಕು ಕಾಳು ನನ್ನ ಕೈಯಾಗ."

"ಹೂಗಾರ ಅಕ್ಕೋರು ನೋಡಿದ್ರ ಬೈತಾರಂತ ಸೆರಗಿನ ಬುಡಕ ಸುಲೀತಿದ್ದೆ."

"ನಂಗ ಗೊತ್ತಿತ್ತು. ಅದಕ್ಕ ಸಾವಕಾಶ ಓದ್ತಿದ್ದೆ."

"ಕಳ್ಳ!" ಎಂದಳು ಫಕೀರವ್ವ. ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಆಮೇಲೆ ನಗು ನಿಂತು, "ಕಡ್ಲಿಹಾಳಕ್ಕ ಮುಂಜಾನಿ ಬಸ್ ಐತೇನು?" ಎಂದು ಕೇಳಿದಳು.

ಆ ಸಂಜೆ ಅವಳು ಬಿಲ್ಲೆಯನ್ನು ಹಸೀನಾಳ ಮನೆಯಲ್ಲಿಟ್ಟು ಬಂದಳು. ಹಸೀನಾ ಬಾಗಿಲಲ್ಲೇ ಅದನ್ನು ಇಸಿದುಕೊಂಡು, ಏನೂ ಕೇಳದೆ, ಒಂದು ಬಟ್ಟಲು ಶೀರ್‌ಖುರ್ಮಾ ಕೈಗಿಟ್ಟಳು. "ಮುಬೀನಾ ಸಿಕ್ಕಿದ್ದಕ್ಕ ಮಾಡಿದ್ದು. ಇಂಚರಾಗ ಕೊಡ್ರಿ. ಕೂಸಿನ ತಪ್ಪೇನಿಲ್ಲ."

ಹಾಳೆ ಹೊಸದು ಬೇಡ ಅನ್ನಿಸಿತು. ಹಳೆಯದರಲ್ಲೇ, ನಿಂತಲ್ಲಿಂದಲೇ ಬರೆದಳು. ಪೆನ್ನು ಹಲವು ಕಡೆ ನಿಂತಿತು. ನಿಂತಾಗ ಯಾರೂ ಮಾತು ಕೊಡಲಿಲ್ಲ.

"ಮಾನ್ಯರೆ, ನನ್ನ ದನಿಯನ್ನು ಹಿಂದಕ್ಕೆ ಕೊಡಬೇಕೆಂದು ಕೇಳುತ್ತಿದ್ದೇನೆ. ಅದು ಕೆಟ್ಟದ್ದನ್ನು ಹೇಳಿದೆ ಎಂದಲ್ಲ. ಪೆಟ್ಟಿಗೆ ನೋಡುತ್ತಿದ್ದಾಗ ನಾನು ಸುಮ್ಮನೆ ಕೂಡಲು ಅಂಜಿದೆ. ಮಗುವಿನ ಪಕ್ಕ ಸುಮ್ಮನೆ ಕೂಡುವುದೇ ನನ್ನ ಕೆಲಸವಾಗಿತ್ತು. ಆ ಭಾಗ ನಿಮಗೆ ಸಿಕ್ಕಿಲ್ಲ. ಕಡ್ಲಿಹಾಳದ ಸಾಲೆಯಲ್ಲಿ ನಾಳಿದ್ದಿನಿಂದ ಕೂಡುತ್ತೇನೆ. ಪೆಟ್ಟಿಗೆಯನ್ನು ಅಲ್ಲಿಗೆ ತನ್ನಿ. ನಾನು ಏನೂ ಮಾಡದೆ ಕೂತದ್ದು ಕಂಡರೆ ಅದನ್ನು ಕತ್ತರಿಸಬೇಡಿ. ಪೆಟ್ಟಿಗೆಯ ಕಡೆ ನೋಡಿದರೆ ಅದನ್ನೂ ಇರಿಸಿ; ಇನ್ನೊಬ್ಬ ಸಹಾಯಕಿ ಅಂಜುವಾಗ ನಿಮಗೆ ಗುರುತು ಸಿಗಲಿ. ಉಳಿದ ಸಾಲೆಗಳಿಗೆ ಅಲ್ಲಿಯವರೆಗೆ ಮನುಷ್ಯರನ್ನು ಕಳಿಸಿ. ನನ್ನಂಥವರು ಮನೆಮನೆಯಲ್ಲಿ ಹುಣಸೆ ಬಿಡಿಸುತ್ತ ಕೂತಿದ್ದಾರೆ."

ಕಳಿಸುತ್ತಾರೋ ಇಲ್ಲವೋ. ಆ ಸಂಶಯ ಅವಳನ್ನು ಬಿಡಲಿಲ್ಲ. ಕಡ್ಲಿಹಾಳಕ್ಕೆ ತಾನು ಹೋದೇನು. ಮಿಕ್ಕ ಸಾಲೆಗಳ ಗೋಡೆ ನೋಡುತ್ತ ಕೂಡುವ ಮಕ್ಕಳು? ಸಹಿ ಹಾಕಿದಳು, ಮಡಚಿದಳು, ಬಿಡಿಸಿ ಮತ್ತೆ ಓದಿದಳು. ಅಂಟಿಸಿದ ಮೇಲೂ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

ಬೆಳಿಗ್ಗೆ ಅಂಚೆ ಕಚೇರಿಗೆ ಹೊರಟಾಗ ಇಂಚರಾ ಬೆನ್ನು ಹತ್ತಿದಳು. ಕೆಂಪು ಡಬ್ಬಿ ರಸ್ತೆಯ ಅಂಚಿನಲ್ಲಿ, ಸೈಕಲ್ ಅಂಗಡಿಯ ಪಕ್ಕ. ಫಕೀರವ್ವ ಕಾಗದವನ್ನು ಡಬ್ಬಿಯ ಬಾಯಿಗೆ ಇಟ್ಟಳು. ಅರ್ಧ ಒಳಗೆ, ಅರ್ಧ ಹೊರಗೆ. ಬಿಡಲು ಬೆರಳು ಒಪ್ಪಲಿಲ್ಲ.

"ಆಯಿ," ಎಂದಳು ಇಂಚರಾ. "ಇದನ್ನ ಹಾಕಿದ್ರ ಸಣ್ಣಕ್ಕೋರು..."

ನಿಂತಳು. ಬಾಯಿ ತೆರೆದಿತ್ತು. ಕಣ್ಣು ಅಜ್ಜಿಯ ತುಟಿಯ ಮೇಲೆ.

ಸಾಯ್ತಾರೇನು? ಬರೂದಿಲ್ಲೇನು? ಸಿಟ್ಟಾಗ್ತಾರೇನು? ಫಕೀರವ್ವನ ಬಾಯೊಳಗೆ ಮಾತುಗಳು ಒಂದರ ಮೇಲೊಂದು ನುಗ್ಗಿದವು. ಹಲ್ಲು ಕಚ್ಚಿದಳು. ಕೈಯಲ್ಲಿ ಶೇಂಗಾ ಇಲ್ಲ, ಹುಣಸೆ ಇಲ್ಲ, ಕಾಗದದ ಅಂಚೊಂದೇ. ಅದನ್ನೇ ಹಿಡಿದುಕೊಂಡು ರಸ್ತೆಯ ಕಡೆ ನೋಡಿದಳು. ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಹುಡುಗಿ ಅಜ್ಜಿಯ ಸೆರಗು ಜಗ್ಗಿದಳು. ಫಕೀರವ್ವ ಅವಳ ತಲೆಯ ಮೇಲೆ ಕೈಯಿಟ್ಟಳು, ಮಾತಾಡಲಿಲ್ಲ. ಇಂಚರಾಳ ಹಣೆ ಗಂಟಿಕ್ಕಿತು. ಅಳುವಂತಾದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ನೆಲ ನೋಡಿದಳು. ಅಜ್ಜಿಯ ತುಟಿಯಿಂದ ಕಣ್ಣು ಕಿತ್ತದ್ದು ಆಗಲೇ.

"...ಸಣ್ಣಕ್ಕೋರು ಇನ್ಮ್ಯಾಲೆ ನಾವು ಹೇಳೂದು ಪೂರಾ ಕೇಳ್ತಾರೇನು?"

ಫಕೀರವ್ವ ಬೆರಳು ಸಡಿಲಿಸಿದಳು. ಕಾಗದ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಕೇಳಿಸಿತು.